ಹಗ್ಗಕ್ಕೆ ಕೂಲಿ ಇಲ್ಲ

ಮಂಡಿಯಲ್ಲಿ ಪ್ರತಿ ಕೆಲಸಕ್ಕೂ ಒಂದು ರೇಟು. ಚೀಲ ಎತ್ತಿದರೆ ಹಮಾಲಿ, ತೂಗಿದರೆ ತೂಕದ ಕೂಲಿ, ಬಾಯಿ ಹೊಲಿದರೆ ಅದಕ್ಕೊಂದಿಷ್ಟು, ಮಾಲು ಸಾಗಿಸಿದರೆ ಬಾಡಿಗೆ. ಏರಿಸಿದ ಚೀಲ ದಾರಿಯಲ್ಲಿ ಬೀಳದ ಹಾಗೆ ಹಗ್ಗ ಬಿಗಿಯುವ ಹತ್ತು ನಿಮಿಷದ ಕೆಲಸಕ್ಕೆ ಮಾತ್ರ ಯಾರೂ ಕಾಸು ಬಿಚ್ಚುವುದಿಲ್ಲ. ಕೊನೆಯ ಚೀಲ ಬಿತ್ತೋ ಇಲ್ಲವೋ, ಹಮಾಲರು ಹೆಗಲ ಟವಲು ಕೊಡವಿ ಮುಂದಿನ ಗಾಡಿಯತ್ತ ನಡೆದಿರುತ್ತಾರೆ. ರೈತನಿಗೆ ಹರಾಜಿನ ಹೊತ್ತು ಮೀರುವ ಆತಂಕ. ಚಾಲಕನಿಗೆ ಸಂಜೆಯೊಳಗೆ ಇನ್ನೊಂದು ಟ್ರಿಪ್ಪಿನ ಆಸೆ. ‘ಇಲ್ಲೇ ಚಳ್ಳಕೆರೆಗೆ ತಾನೆ ಹೋಗೋದು, ಏನಾಗಲ್ಲ ಬಿಡಣ್ಣ’ ಅನ್ನುವ ಮಾತಿನೊಂದಿಗೆ ಗಾಡಿ ಹೊರಡುತ್ತದೆ. ರಸ್ತೆ ಮೇಲೆ ಸರಕು ಚೆಲ್ಲಿದಾಗ ನಾವು ವೇಗವನ್ನೋ ಗುಂಡಿಯನ್ನೋ ದೂರುತ್ತೇವೆ. ನನ್ನನ್ನು ಕೇಳಿದರೆ, ಆಗಬೇಕಾದ ಎಡವಟ್ಟಿನ ಬಹುಪಾಲು ಗಾಡಿ ಹೊರಡುವ ಮೊದಲೇ, ಆ ಕೂಲಿಯಿಲ್ಲದ ಹತ್ತು ನಿಮಿಷದಲ್ಲಿ ಆಗಿಹೋಗಿರುತ್ತದೆ.

ಇದನ್ನು ನೋಡಲು ರಾಂಪುರದಂಥ ಜಾಗ ಇನ್ನೊಂದಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಈ ಊರು ರಾಷ್ಟ್ರೀಯ ಹೆದ್ದಾರಿ 150ಎ ಮಗ್ಗುಲಲ್ಲಿದೆ. ಜೇವರ್ಗಿಯಿಂದ ಹೊರಟು ಸಿಂಧನೂರು, ಸಿರುಗುಪ್ಪ, ಬಳ್ಳಾರಿ ದಾಟಿ ಚಳ್ಳಕೆರೆ, ಹಿರಿಯೂರಿನ ಮೇಲೆ ಚಾಮರಾಜನಗರದವರೆಗೆ ಹೋಗುವ ರಸ್ತೆ ಇದು. ಉತ್ತರಕ್ಕೆ ಬಳ್ಳಾರಿಯತ್ತ ಹೊರಟರೆ ನಡುವೆ ಆಂಧ್ರದ ಓಬಳಾಪುರ, ಡಿ. ಹಿರೇಹಾಳು. ದಕ್ಷಿಣಕ್ಕೆ ಹಾನಗಲ್, ಬಿ.ಜಿ. ಕೆರೆ, ತಳಕು, ಆಮೇಲೆ ಚಳ್ಳಕೆರೆ. ದಾರಿಯೆಂಬುದು ಇಲ್ಲಿ ಹೊಸದೇನಲ್ಲ. ಅಶೋಕನ ಕಾಲದಲ್ಲಿ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಕೆತ್ತಿರುವುದು ಇದೇ ಸುತ್ತಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ.

ಈ ರಸ್ತೆಯಲ್ಲಿ ಏನೇನು ಹರಿಯುತ್ತದೆ ಎಂದು ನೋಡಿ. ಹೊಲದಿಂದ ಹೊರಟ ಈರುಳ್ಳಿ ಬೆಂಗಳೂರಿನ ಯಶವಂತಪುರದತ್ತ. ಶೇಂಗಾ ಚಳ್ಳಕೆರೆಯ ಎಣ್ಣೆ ಮಿಲ್ಲುಗಳತ್ತ. ಮಿಲ್ಲಿನಿಂದ ಎಣ್ಣೆ ಟಿನ್ನುಗಳು ವಾಪಸು ಹಳ್ಳಿ ಅಂಗಡಿಗಳಿಗೆ. ಕ್ರೇಟುಗಟ್ಟಲೆ ಟೊಮೆಟೊ. ಬಳ್ಳಾರಿ ಕಡೆಯಿಂದ ಮನೆ ಕಟ್ಟುವವರ ಕಬ್ಬಿಣದ ಸರಳು. ತುಂಗಭದ್ರಾ ಅಚ್ಚುಕಟ್ಟಿನಿಂದ ಭತ್ತದ ಹುಲ್ಲು. ಬರ ಬಿದ್ದ ವರ್ಷ ಗೋಶಾಲೆಗಳಿಗೆ, ಮ್ಯಾಸಬೇಡರ ದೇವರ ಎತ್ತುಗಳಿಗೆ ಅದೇ ಆಸರೆ. ಕೊಳವೆಬಾವಿಗೆ ಪೈಪು. ಸಂತೆಗೆ ಕುರಿ. ಒಂದೇ ಪಿಕಪ್ ಸೋಮವಾರ ಈರುಳ್ಳಿ ಹೊತ್ತರೆ ಮಂಗಳವಾರ ಸರಳು, ಬುಧವಾರ ಕುರಿ ಹೊರುತ್ತದೆ. ಹಗ್ಗ ಮಾತ್ರ ಅದೇ ಒಂದು. ಸೀಟಿನ ಹಿಂದೆ ಸುರುಳಿ ಸುತ್ತಿಟ್ಟ, ಎರಡು ಕಡೆ ತುಂಡಾಗಿ ಗಂಟು ಬಿದ್ದ ನೀಲಿ ಪ್ಲಾಸ್ಟಿಕ್ ಹಗ್ಗ.

ಹಿಂದೆ ಹೀಗಿರಲಿಲ್ಲ. ಲಾರಿಯ ಕಾಲದಲ್ಲಿ ಕ್ಲೀನರ್ ಎಂಬ ಹುಡುಗನೊಬ್ಬ ಇರುತ್ತಿದ್ದ. ಗಾಲಿಗೆ ಕಲ್ಲು ಕೊಡುವುದು, ಗಾಜು ಒರೆಸುವುದು, ಚಾಲಕನ ಬೈಗುಳ ತಿನ್ನುವುದು ಇವುಗಳ ಜತೆಗೆ ಅವನ ಮುಖ್ಯ ಕಸುಬು ತಾಡಪಾಲು, ಹಗ್ಗ. ಲೋಡಿನ ಮೇಲೆ ಹತ್ತಿ ತಾಡಪಾಲು ಹಾಸಿ, ಈ ಕಡೆಯಿಂದ ಎಸೆದ ಹಗ್ಗವನ್ನು ಆ ಕಡೆ ಇಳಿದು ಎಳೆದು ಕೊಕ್ಕೆಗೆ ಬಿಗಿಯುತ್ತಿದ್ದ. ಆ ಕಸುಬು ಕಲಿತೇ ಅವನು ಚಾಲಕನಾಗುತ್ತಿದ್ದ. 2005ರಲ್ಲಿ ಟಾಟಾ ಏಸ್ ಬಂತು. ಮಹೀಂದ್ರ ಪಿಕಪ್‌ಗಳು ಊರೂರು ಹೊಕ್ಕವು. 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್. ಸಣ್ಣ ಗಾಡಿ ಹೊಲದ ಬದುವಿಗೇ ಬರುತ್ತದೆ, ಸಣ್ಣ ರೈತನ ಸಣ್ಣ ಫಸಲನ್ನು ಅಂದೇ ಮಂಡಿಗೆ ಮುಟ್ಟಿಸುತ್ತದೆ. ಅದರ ಉಪಕಾರ ಕಡಿಮೆಯಲ್ಲ. ಆದರೆ ಅದರ ಬಾಡಿಗೆಯಲ್ಲಿ ಇಬ್ಬರ ಹೊಟ್ಟೆ ತುಂಬುವುದಿಲ್ಲ. ಕ್ಲೀನರ್ ಮಾಯವಾದ. ಅವನ ಕೆಲಸ ಯಾರ ಪಾಲಿಗೂ ಬರಲಿಲ್ಲ.

ಲೈಸೆನ್ಸಿನ ಲೆಕ್ಕವೂ ಇದಕ್ಕೆ ಸೇರಿಕೊಂಡಿದೆ. ಒಟ್ಟು ತೂಕ 7,500 ಕೆಜಿ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಖಚಿತಪಡಿಸಿತು. ಜೀವನೋಪಾಯದ ದೃಷ್ಟಿಯಿಂದ ನನಗೆ ಇದು ಸರಿಯಾದ ತೀರ್ಪು ಅನ್ನಿಸುತ್ತದೆ. ಆದರೆ ಕಾರು ಓಡಿಸಲು ಕಲಿತವನು ಒಂದೂವರೆ ಟನ್ ಮಾಲು ಹೇರುವುದನ್ನು ಎಲ್ಲಿ ಕಲಿಯಬೇಕು? ಆ ಪಾಠ ಹೇಳಿಕೊಡುತ್ತಿದ್ದ ಶಾಲೆ ಲಾರಿಯ ತಲೆಯ ಮೇಲೆ ಇತ್ತು, ಅದು ಮುಚ್ಚಿದೆ.

ಪಾಠವೇನೂ ಗಹನವಲ್ಲ. ಬ್ರೇಕ್ ಹಿಡಿಯುವುದು ಗಾಡಿಯ ಗಾಲಿಯನ್ನು, ಸರಕನ್ನಲ್ಲ. ಗಾಡಿ ನಿಂತರೂ ಸರಕು ತಾನು ಹೊರಟಿದ್ದ ವೇಗದಲ್ಲೇ ಮುಂದುವರಿಯಲು ನೋಡುತ್ತದೆ. ಯುರೋಪಿನ ಮಾನದಂಡವೂ ಅಮೆರಿಕದ ನಿಯಮವೂ ಇದಕ್ಕೆ ಒಂದೇ ಅಂದಾಜು ಇಟ್ಟುಕೊಂಡಿವೆ: ಕಟ್ಟು ಎಷ್ಟು ಬಿಗಿ ಇರಬೇಕೆಂದರೆ, ಮುಂದಕ್ಕೆ ಸರಕಿನ ತೂಕದ ಶೇ 80ರಷ್ಟು, ಪಕ್ಕಕ್ಕೂ ಹಿಂದಕ್ಕೂ ಶೇ 50ರಷ್ಟು ತಳ್ಳು ಬಂದರೂ ತಡೆಯಬೇಕು. 50 ಕೆಜಿಯ 30 ಚೀಲ ಈರುಳ್ಳಿ ಎಂದರೆ 1,500 ಕೆಜಿ. ಜೋರು ಬ್ರೇಕ್ ಹಾಕಿದ ಗಳಿಗೆಯಲ್ಲಿ 1,200 ಕೆಜಿ, ಅಂದರೆ 24 ಚೀಲದ ತೂಕ, ಚಾಲಕನ ಬೆನ್ನ ಹಿಂದಿನ ತಗಡಿನ ಮೇಲೆ ಬಂದು ಬೀಳಲು ಹವಣಿಸುತ್ತದೆ. ತಿರುವಿನಲ್ಲಿ 750 ಕೆಜಿ ಪಕ್ಕದ ಡೋರನ್ನು ನೂಕುತ್ತದೆ. ಆ ಡೋರಿನ ಕೊಂಡಿ ಎಷ್ಟೋ ಗಾಡಿಗಳಲ್ಲಿ ಬೈಂಡಿಂಗ್ ತಂತಿಯಿಂದ ಕಟ್ಟಿದ್ದು.

ಹಾಗಾದರೆ ಹಗ್ಗ 1,200 ಕೆಜಿಯನ್ನು ಹಿಡಿದು ನಿಲ್ಲಿಸುತ್ತದೆಯೇ? ಇಲ್ಲ, ಮೇಲಿಂದ ಹಾಯಿಸಿದ ಹಗ್ಗ ಮಾಡುವುದು ಬೇರೆ ಕೆಲಸ. ಅದು ಸರಕನ್ನು ತಳಕ್ಕೆ ಅದುಮುತ್ತದೆ. ಅದುಮಿದಷ್ಟೂ ಚೀಲ ಚೀಲದ ನಡುವೆ, ಚೀಲ ತಗಡಿನ ನಡುವೆ ಉಜ್ಜು ಹೆಚ್ಚುತ್ತದೆ. ಜಾರದಂತೆ ತಡೆಯುವುದು ಆ ಉಜ್ಜು. ಆದ್ದರಿಂದಲೇ ಹಗ್ಗ ಇಳಿಯುವ ಓರೆ ಮುಖ್ಯ. ನೆಟ್ಟಗೆ ಕೆಳಗಿಳಿದ ಹಗ್ಗದ ಬಿಗಿ ಪೂರ್ತಿ ಅದುಮಲು ಬಳಕೆಯಾಗುತ್ತದೆ. ತಳಕ್ಕೆ 30 ಡಿಗ್ರಿ ಕೋನದಲ್ಲಿ ಅಡ್ಡಾದಿಡ್ಡಿ ಎಳೆದ ಹಗ್ಗದಲ್ಲಿ ಅರ್ಧ ಬಿಗಿ ವ್ಯರ್ಥ. ನುಣುಪು ತಗಡಿನ ಮೇಲೆ ಹಳೇ ರಬ್ಬರ್ ಮ್ಯಾಟೊಂದನ್ನು ಹಾಸಿದರೆ ಇನ್ನೊಂದು ಹಗ್ಗ ಬಿಗಿದಷ್ಟು ಲಾಭ. ಮೊದಲ ಸಾಲಿನ ಚೀಲವನ್ನು ಕ್ಯಾಬಿನ್ನಿನ ಹಿಂದಿನ ತಡೆಗೆ ಒತ್ತಿಯೇ ಇಡಬೇಕು. ನಡುವೆ ಒಂದು ಗೇಣು ಜಾಗ ಬಿಟ್ಟರೂ ಸರಕು ಆ ಗೇಣಿನಲ್ಲಿ ಓಟ ಶುರುಮಾಡಿ ತಡೆಗೆ ಗುದ್ದುತ್ತದೆ. ಒತ್ತಿ ನಿಂತದ್ದು ಒರಗುತ್ತದೆ ಅಷ್ಟೆ, ಗುದ್ದುವುದಿಲ್ಲ.

ಚೀಲ ಪೇರಿಸುವುದರಲ್ಲಿ ನಮ್ಮ ಹಮಾಲರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೋಡೆ ಕಟ್ಟುವವನು ಇಟ್ಟಿಗೆಯ ಸಂದು ತಪ್ಪಿಸುವ ಹಾಗೆ ಒಂದು ವರಸೆ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ ಇಡುತ್ತಾರೆ. ಗೋದಾಮಿನಲ್ಲಿ ಅವರು ಕಟ್ಟಿದ ಅಟ್ಟಿ ತಿಂಗಳುಗಟ್ಟಲೆ ಅಲುಗುವುದಿಲ್ಲ. ತಾಪತ್ರಯ ಬರುವುದು ಕೊನೆಯ ಐದಾರು ಚೀಲಗಳಿಂದ. ಗಾಡಿ ಭರ್ತಿಯಾದ ಮೇಲೆ ರೈತ ‘ಇವಿಷ್ಟೂ ಹಾಕಿಬಿಡ್ರಪ್ಪ’ ಎಂದು ತಂದ ಚೀಲಗಳು ಡೋರಿನ ಎತ್ತರ ಮೀರಿ, ಯಾವ ವರಸೆಗೂ ಸೇರದೆ, ನೆತ್ತಿಯ ಮೇಲೆ ಕೂರುತ್ತವೆ. ಇಲ್ಲವೇ ಹಿಂದಿನ ಡೋರನ್ನು ಬಿಚ್ಚಿ ಇಳಿಬಿಟ್ಟು, ಸರಪಳಿಗೆ ತೂಗುಬಿಟ್ಟ ಅದರ ಮೇಲೆ ಪೇರಿಸುತ್ತಾರೆ. ಹಿಂದಿನ ಅಚ್ಚಿನಿಂದ ಆಚೆಗೆ ಬಿದ್ದ ಭಾರ ಮುಂದಿನ ಗಾಲಿಯನ್ನು ನೆಲದಿಂದ ಮೇಲೆತ್ತಲು ನೋಡುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ. ‘ಗಾಡಿ ಬೆಣ್ಣೆ ಹಂಗೆ ಓಡ್ತೈತೆ’ ಎಂದು ಚಾಲಕನಿಗೆ ಅನ್ನಿಸುವುದು ಆಗಲೇ. ತಿರುಗಿಸಿದರೂ ಗಾಡಿ ತಿರುಗದ ಸ್ಥಿತಿಗೆ ಅದು ಹತ್ತಿರ.

ಟೊಮೆಟೊ ಕ್ರೇಟಿನ ಕಥೆ ಬೇರೆ. ಕ್ರೇಟುಗಳು ಒಂದರೊಳಗೊಂದು ಕಚ್ಚಿಕೊಂಡು ಕೂರುತ್ತವೆ, ಅದರಿಂದ ಕಟ್ಟದಿದ್ದರೂ ನಡೆಯುತ್ತದೆ ಎಂಬ ಧೈರ್ಯ. ಕಚ್ಚಿಕೊಳ್ಳುವುದು ಕೆಳಗಿನ ಕ್ರೇಟಿಗೆ ಮಾತ್ರ. ಪಕ್ಕದ ಕಂಬಕ್ಕೂ ಅದಕ್ಕೂ ನಂಟಿಲ್ಲ. ಒಂದು ಉಬ್ಬು ಹಾರಿದರೆ ಇಡೀ ಕಂಬವೇ ವಾಲುತ್ತದೆ. ಎಲ್ಲ ಕಂಬಗಳನ್ನೂ ಒಟ್ಟಿಗೆ ಸುತ್ತಿ ಒಂದು ಅಡ್ಡ ಹಗ್ಗ, ಆಮೇಲೆ ಮೇಲಿಂದ ಎರಡು ಹಗ್ಗ ಬೇಕು. ಕ್ರೇಟಿನ ಅಂಚಿಗೆ ಹಗ್ಗ ಉಜ್ಜಿ ತುಂಡಾಗದಂತೆ ಮಡಿಸಿದ ಗೋಣಿಚೀಲ ಇಡಬೇಕು. ಎಣ್ಣೆ ಟಿನ್ನುಗಳಿಗೂ ಇದೇ ಮಾತು. ಒಂದು 15 ಕೆಜಿ ಟಿನ್ನು ಒಡೆದರೆ ಸಾಕು, ಹಿಂದೆ ಬರುವ ಬೈಕುಗಳಿಗೆ ಆ ತಿರುವು ದಿನವಿಡೀ ಜಾರುಬಂಡೆ.

ಈ ಸೀಮೆಯ ನಿಜವಾದ ವೈರಿ ಗಾಳಿ. ಆಷಾಢ ಬಂತೆಂದರೆ ಮಳೆಯಿಲ್ಲದ ಬಯಲಿನಲ್ಲಿ ಗಾಳಿಯೊಂದೇ ಬೀಸುತ್ತಿರುತ್ತದೆ. ಶೇಂಗಾ ಬಳ್ಳಿ, ಹೊಟ್ಟು, ಹುಲ್ಲು ತೂಕದಲ್ಲಿ ಹಗುರ. ಹಾಗಾಗಿ ಚಾಲಕರು ಅವುಗಳನ್ನು ‘ಲೋಡೇ ಅಲ್ಲ’ ಅನ್ನುತ್ತಾರೆ. ಆದರೆ ಗಾಳಿ ತೂಕ ಕೇಳುವುದಿಲ್ಲ, ಮೈ ಕೇಳುತ್ತದೆ. ಹುಲ್ಲು ಹೇರಿದ ಗಾಡಿಯ ಮೈ ಗಾಡಿಗಿಂತ ದೊಡ್ಡದು. ಪಕ್ಕದ ಕನ್ನಡಿ ಮುಚ್ಚಿರುತ್ತದೆ, ಹಿಂದಿನ ದೀಪ ಮುಚ್ಚಿರುತ್ತದೆ, ಮೇಲಿನ ಅಂಚು ವಿದ್ಯುತ್ ತಂತಿಗೆ ತಗುಲುವಷ್ಟು ಎತ್ತರಕ್ಕೆ ಹೋಗಿರುತ್ತದೆ. ಹಾರಿದ ಹೊಟ್ಟು ಹಿಂದಿನ ಬೈಕ್ ಸವಾರನ ಕಣ್ಣಿಗೆ ನೇರವಾಗಿ ಬಡಿಯುತ್ತದೆ. ತಾಡಪಾಲು ಹಾಕುವವರೂ ಅದನ್ನು ಹಿಂದಿನಿಂದ ಬಿಗಿದು ಮುಂದೆ ಸಡಿಲ ಬಿಡುತ್ತಾರೆ. ಗಾಡಿ ಓಡುವಾಗ ಗಾಳಿ ಹೊಗುವುದು ಮುಂದಿನಿಂದ. ಅಲ್ಲಿ ಒಂದು ಸಂದು ಸಿಕ್ಕರೆ ತಾಡಪಾಲು ಉಬ್ಬಿ ಪಟಪಟ ಬಡಿದುಕೊಂಡು ಕೊಕ್ಕೆಯನ್ನೇ ಕಿತ್ತುಕೊಂಡು ಹೋಗುತ್ತದೆ. ಮೊದಲು ಮುಂದಿನ ಅಂಚು ಸರಕಿನಡಿ ಸಿಕ್ಕಿಸಬೇಕು. ಎರಡು ತಾಡಪಾಲು ಇದ್ದರೆ ಮುಂದಿನದರ ಅಂಚು ಹಿಂದಿನದರ ಮೇಲೆ ಬರಬೇಕು.

ಇನ್ನು ಸರಳು ಮತ್ತು ಪೈಪು. ಕಬ್ಬಿಣದ ಸರಳು ಕಾರ್ಖಾನೆಯಿಂದ ಬರುವುದು 12 ಮೀಟರ್ ಉದ್ದಕ್ಕೆ, ಅಂದರೆ ಸುಮಾರು 40 ಅಡಿ. ಅಂಗಡಿಯವರು ನಡುವೆ ಮಡಚಿದರೂ 20 ಅಡಿ. ಪಿವಿಸಿ ಪೈಪಿನ ಉದ್ದವೂ ಸಾಮಾನ್ಯವಾಗಿ 20 ಅಡಿಯೇ. ಪಿಕಪ್ಪಿನ ತೊಟ್ಟಿಯ ಉದ್ದ ಎಂಟೊಂಬತ್ತು ಅಡಿ. ಉಳಿದ ಹನ್ನೊಂದು ಅಡಿ ಎಲ್ಲಿಗೆ ಹೋಗಬೇಕು? ಒಂದಿಷ್ಟು ಕ್ಯಾಬಿನ್ನಿನ ನೆತ್ತಿಯ ಮೇಲೆ, ಮಿಕ್ಕಿದ್ದು ಹಿಂದೆ ಬಾಲದ ಹಾಗೆ, ತುದಿಗೊಂದು ಕೆಂಪು ಬಟ್ಟೆ. ಆ ಕೆಂಪು ಬಟ್ಟೆ ಕಟ್ಟಿದರೆ ಕಾನೂನು ಮುಗಿಯಿತು ಎಂಬ ನಂಬಿಕೆ ಇವತ್ತಿಗೂ ಗಟ್ಟಿಯಾಗಿದೆ. ಹಿಂದೆ ಸರಳಿನಂಥ ಸಾಮಾನು ಒಂದು ಮೀಟರ್‌ವರೆಗೆ ಹೊರಚಾಚಲು ವಿನಾಯಿತಿ ಇತ್ತು, ನಿಜ. ಆದರೆ ಕೇಂದ್ರ ಸರ್ಕಾರ 2014ರಲ್ಲೇ ಅದನ್ನು ತೆಗೆದುಹಾಕಿತು. ಈಗ ಬಟ್ಟೆ ಕಟ್ಟಿದರೂ ತಪ್ಪೇ, ಕಟ್ಟದಿದ್ದರೂ ತಪ್ಪೇ. ರಾತ್ರಿ ಹೊತ್ತು ಆ ಬಟ್ಟೆ ಕಾಣುವುದೂ ಇಲ್ಲ. ಎದುರಿನ ದೀಪದ ಝಳಕ್ಕೆ ಕಣ್ಣು ಕೋರೈಸಿದ ಬೈಕ್ ಸವಾರನಿಗೆ ಸರಳಿನ ತುದಿ ಬರೀ ಒಂದು ಚುಕ್ಕೆ. ಅದು ಬರುವುದೂ ಸರಿಯಾಗಿ ಎದೆಯ ಮಟ್ಟಕ್ಕೆ.

ಪೈಪು ಇನ್ನೂ ಮೋಸದ್ದು. ನುಣ್ಣಗಿನ ಹತ್ತು ಪೈಪುಗಳನ್ನು ಒಟ್ಟುಗೂಡಿಸಿ ಹೊರಗಿಂದ ಎಷ್ಟು ಬಿಗಿದರೂ ಹಗ್ಗ ಮುಟ್ಟುವುದು ಸುತ್ತಲಿನವನ್ನು ಮಾತ್ರ. ನಡುವಿನ ಪೈಪು ಉಬ್ಬಿನಲ್ಲಿ ಗಾಡಿ ಕುಲುಕಿದಂತೆಲ್ಲ ಇಂಚಿಂಚೇ ಹಿಂದಕ್ಕೆ ಜಾರಿ ಕೊನೆಗೆ ಬಾಣದಂತೆ ಹೊರಬೀಳುತ್ತದೆ. ಕಟ್ಟಿನ ಎರಡೂ ತುದಿಯಲ್ಲಿ ಹಗ್ಗವನ್ನು ಒಂದೇ ಸುತ್ತು ಹಾಯಿಸದೆ ಎರಡು ಸುತ್ತು ಸುತ್ತಿ, ಹಿಂದಿನ ಬಾಯಿಗೆ ಗೋಣಿ ಮುಸುಕು ಹಾಕಿ ಕಟ್ಟಿದರೆ ಆ ಜಾರಾಟ ನಿಲ್ಲುತ್ತದೆ. ಆದರೂ ಉದ್ದದ ಸಾಮಾನಿಗೆ ಉದ್ದದ ಗಾಡಿ ಕರೆಯುವುದೇ ಸರಿ. ನಾಲ್ಕು ಮನೆಯವರು ಸೇರಿ ಒಂದು ಲಾರಿಯಲ್ಲಿ ತರಿಸಿಕೊಂಡರೆ ಬಾಡಿಗೆಯಲ್ಲೂ ನಷ್ಟವಿಲ್ಲ.

ಕುರಿಯ ವಿಷಯ ಇನ್ನೊಂದು ಬಗೆಯದು. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಜಾನುವಾರು ಸಾಗಣೆಗೆ ಜಾಗದ ಅಳತೆಯನ್ನೇ ಬರೆದಿಟ್ಟಿದ್ದಾರೆ: ಕುರಿ, ಮೇಕೆಗೆ ತಲಾ 0.3 ಚದರ ಮೀಟರ್, ದನಕ್ಕೆ 2 ಚದರ ಮೀಟರ್. ಎಂಟೂವರೆ ಅಡಿ ಉದ್ದ, ಐದೂವರೆ ಅಡಿ ಅಗಲದ ತೊಟ್ಟಿಗೆ ಲೆಕ್ಕ ಹಾಕಿದರೆ ಹದಿನಾಲ್ಕು ಕುರಿ. ಸಂತೆಯಿಂದ ಹೊರಟ ಗಾಡಿಯಲ್ಲಿ ಎಷ್ಟಿರುತ್ತವೆ ಎಂಬುದು ಚಳ್ಳಕೆರೆ ಸೀಮೆಯವರಿಗೆ ಹೇಳಬೇಕಿಲ್ಲ. ಕುರಿಗಳು ಕಾಲಿರುವ ಸರಕು. ಬೆದರಿದರೆ ಎಲ್ಲವೂ ಒಂದೇ ಮೂಲೆಗೆ ನುಗ್ಗುತ್ತವೆ. ನಡುವೆ ಒಂದು ಅಡ್ಡಹಲಗೆ ಇದ್ದರೆ ಅರ್ಧ ಹಿಂಡು ಮಾತ್ರ ಆ ಕಡೆ ಹೋದೀತು.

ಕಾಲಿರುವ ಸರಕಿನಲ್ಲಿ ಮನುಷ್ಯರೂ ಇದ್ದಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ, ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಹೋಗುವವರನ್ನು ನೋಡಿದರೆ ಸಾಕು. ಶೇಂಗಾ ಕೀಳುವ ಕಾಲಕ್ಕೆ ಕೂಲಿಗೆ ಹೋಗುವ ಹೆಣ್ಣುಮಕ್ಕಳು ಪಿಕಪ್ಪಿನಲ್ಲಿ ನಿಂತೇ ಹೋಗುತ್ತಾರೆ. ಸಂಜೆ ವಾಪಸು ಬರುವಾಗ ಚೀಲದ ಮೇಲೆ ಕೂರುತ್ತಾರೆ. ಚೀಲಕ್ಕಾದರೂ ಹಗ್ಗವಿದ್ದೀತು, ಅದರ ಮೇಲೆ ಕೂತವರಿಗೆ ಯಾವ ಆಸರೆ? 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು, ತರಕಾರಿಯ ಲಾರಿ ಯಲ್ಲಾಪುರ ತಾಲ್ಲೂಕಿನ ಅರಬೈಲು ಘಟ್ಟದಲ್ಲಿ ಕಮರಿಗೆ ಉರುಳಿತು. ಮಾಲಿನ ಜತೆಗೇ ಹೊರಟಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ಸತ್ತರು. ಅವರೆಲ್ಲ ಮೋಜಿಗೆ ಲಾರಿ ಹತ್ತಿದವರಲ್ಲ. ಮಾಲನ್ನು ಬಿಟ್ಟು ಬಸ್ಸಿನಲ್ಲಿ ಹೋದರೆ ಸಂತೆಯಲ್ಲಿ ಅದನ್ನು ಇಳಿಸಿಕೊಳ್ಳುವವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡದೆ ‘ಸರಕು ವಾಹನದಲ್ಲಿ ಪ್ರಯಾಣ ನಿಷಿದ್ಧ’ ಎಂದು ಬೋರ್ಡು ಬರೆದರೆ ಯಾರೂ ಓದುವುದಿಲ್ಲ.

ವಿಮೆಯ ಸಂಗತಿಯನ್ನಾದರೂ ಅವರಿಗೆ ತಿಳಿಸಬೇಕು. ಮಾಲಿನ ಒಡೆಯ ಅಥವಾ ಅವನ ಕಡೆಯವನು ಸರಕಿನ ಜತೆ ಹೋಗುವುದಕ್ಕೆ 1994ರ ತಿದ್ದುಪಡಿಯಲ್ಲಿ ವಿಮೆಯ ರಕ್ಷಣೆ ಸಿಕ್ಕಿದೆ. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಆ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ, ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಜಾತ್ರೆಗೆ ಹೊರಟ ಗಾಡಿ ಮಗುಚಿದರೆ ಪರಿಹಾರದ ಹೊರೆ ಗಾಡಿಯ ಮಾಲೀಕನ ತಲೆಗೆ ಬೀಳಬಹುದು. ಅವನೋ ಹೆಚ್ಚಾಗಿ ಗಾಡಿಯ ಕಂತನ್ನೇ ಇನ್ನೂ ಕಟ್ಟಿ ಮುಗಿಸಿರುವುದಿಲ್ಲ.

ದಂಡದ ಕಲಮುಗಳಿಗೇನೂ ಬರವಿಲ್ಲ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಅತಿಭಾರಕ್ಕೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿ ಹೇಳುತ್ತದೆ. ಸರಕು ಪಕ್ಕಕ್ಕೋ ಹಿಂದಕ್ಕೋ ಮುಂದಕ್ಕೋ ಮೇಲಕ್ಕೋ ಮಿತಿ ಮೀರಿ ಚಾಚಿದರೆ ಅದಕ್ಕೂ 20,000, ಮೇಲೆ ಇಳಿಸುವ ಖರ್ಚು. ಒಬ್ಬರು ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು. ಇವುಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ದಂಡದ ಮೊತ್ತವಲ್ಲ, 194ನೇ ಕಲಮಿನ ಒಂದು ತುಣುಕು. ಓಡಿಸುವವನಷ್ಟೇ ಅಲ್ಲ, ಓಡಿಸಲು ಕಾರಣನಾದವನೂ, ಬಿಟ್ಟವನೂ ಅದರ ವ್ಯಾಪ್ತಿಗೆ ಬರುತ್ತಾರೆ. ಹಾಗೆಂದಮೇಲೆ 40 ಅಡಿ ಸರಳನ್ನು ಎಂಟಡಿಯ ಗಾಡಿಗೆ ಹೇರಿ ಕಳಿಸಿದ ಅಂಗಡಿ, ತೂಕ ಗೊತ್ತಿದ್ದೂ ಇನ್ನಷ್ಟು ಚೀಲ ಹಾಕಿಸಿದ ಮಂಡಿಯವರು ಹೊರಗೆ ಉಳಿಯಬೇಕಾದದ್ದು ಏಕೆ? ರಸ್ತೆಯಲ್ಲಿ ಸಿಕ್ಕಿಬೀಳುವುದು ಮಾತ್ರ ಚಾಲಕ ಒಬ್ಬನೇ. ದಂಡವನ್ನು ಅವನಿಂದ ಕಿತ್ತುಕೊಂಡರೆ ಮರುದಿನ ಅದನ್ನು ತುಂಬಿಕೊಳ್ಳಲು ಅವನು ಐದು ಚೀಲ ಹೆಚ್ಚಿಗೆ ಹೇರುತ್ತಾನೆ.

ರಸ್ತೆಗೆ ಬಿದ್ದ ಸರಕಿನಿಂದಾಗುವ ಹಾನಿಯ ಲೆಕ್ಕವನ್ನು ಅಮೆರಿಕದಲ್ಲಿ ತೆಗೆದಿದ್ದಾರೆ. ಅಲ್ಲಿನ ಎಎಎ ಸಂಚಾರ ಸುರಕ್ಷತಾ ಪ್ರತಿಷ್ಠಾನದ 2016ರ ಅಧ್ಯಯನದ ಪ್ರಕಾರ 2011ರಿಂದ 2014ರವರೆಗಿನ ನಾಲ್ಕು ವರ್ಷಗಳಲ್ಲಿ ರಸ್ತೆಗೆ ಬಿದ್ದ ವಸ್ತುಗಳಿಂದ ಎರಡು ಲಕ್ಷಕ್ಕೂ ಹೆಚ್ಚು ಅಪಘಾತಗಳಾಗಿ, 500ಕ್ಕೂ ಹೆಚ್ಚು ಜನ ಸತ್ತರು. ಮೂರರಲ್ಲಿ ಎರಡು ಪಾಲು ಅಪಘಾತಗಳಿಗೆ ಕಾರಣ ವಾಹನದಿಂದ ಕಳಚಿ ಬಿದ್ದ ಭಾಗ ಅಥವಾ ಸರಿಯಾಗಿ ಕಟ್ಟದ ಸರಕು. ವಾಷಿಂಗ್ಟನ್ ರಾಜ್ಯದಲ್ಲಿ ಟ್ರೈಲರಿನಿಂದ ಹಾರಿದ ಹಲಗೆಯೊಂದು ಹಿಂದಿನ ಕಾರಿನ ಗಾಜು ಒಡೆದು ಯುವತಿಯ ಕಣ್ಣು ಕಿತ್ತುಕೊಂಡ ಮೇಲೆ, 2005ರಲ್ಲಿ, ಸರಕು ಕಟ್ಟದೆ ಗಾಯಕ್ಕೆ ಕಾರಣವಾಗುವುದನ್ನು ಅಪರಾಧವೆಂದೇ ಕಾನೂನು ಮಾಡಿದರು.

ಹಗ್ಗದ ಬಗ್ಗೆ ನಾಲ್ಕು ಮಾತು ಬಾಕಿ ಇದೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ನಮ್ಮ ಬಿಸಿಲಿಗೆ ಬಹುಕಾಲ ಬಾಳುವುದಿಲ್ಲ. ಮುಟ್ಟಿದರೆ ಎಳೆಎಳೆಯಾಗಿ ಪುಡಿ ಉದುರುತ್ತಿದ್ದರೆ ಅದು ಎಮ್ಮೆ ಕಟ್ಟಲೂ ನಾಲಾಯಕ್ಕು. ನೈಲಾನ್ ಗಟ್ಟಿ, ಆದರೆ ಹಿಗ್ಗುತ್ತದೆ. ಅಷ್ಟಾಗಿ ಹಿಗ್ಗದಿರುವುದು ಪಾಲಿಯೆಸ್ಟರ್ ಪಟ್ಟಿ. ಅದಕ್ಕೆ ಹಲ್ಲುಗಾಲಿಯ ಹಿಡಿ ಇರುವ ರ‍್ಯಾಚೆಟ್ ಬೆಲ್ಟ್ ಈಗ ಎಲ್ಲ ಕಡೆ ಸಿಗುತ್ತದೆ. ಎಷ್ಟು ಭಾರ ತಡೆಯುತ್ತದೆ ಎಂದು ಅದರ ಮೇಲೇ ಬರೆದಿರುತ್ತದೆ. ಅದು ಇಲ್ಲವೆಂದರೆ ಹಳೇ ಕ್ಲೀನರುಗಳ ಗಂಟು ಇದ್ದೇ ಇದೆ: ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೆಳಗಿನ ಕೊಕ್ಕೆಗೆ ಹಾಯಿಸಿ, ಮತ್ತೆ ಮೇಲೆ ತಂದು ಆ ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಜಗ್ಗುವುದು. ರಾಟೆಯ ಹಾಗೆ ಕೆಲಸ ಮಾಡುವ ಆ ಗಂಟಿನಲ್ಲಿ ಒಬ್ಬನೇ ಎಳೆದರೂ ಇಬ್ಬರು ಎಳೆದಷ್ಟು ಬಿಗಿ ಬರುತ್ತದೆ. ಇದನ್ನು ಬಲ್ಲ ಅರವತ್ತು ದಾಟಿದ ಚಾಲಕರು ಪ್ರತಿ ಊರಿನ ಚಹಾದಂಗಡಿಯಲ್ಲೂ ಕೂತಿದ್ದಾರೆ. ಎಪಿಎಂಸಿಯವರು ಒಂದು ಮಧ್ಯಾಹ್ನ ಅವರನ್ನು ಕರೆಸಿ ಹುಡುಗರಿಗೆ ಹೇಳಿಕೊಡಿಸಿದರೆ ಆಗುವ ಖರ್ಚು ಚಹಾದ್ದಷ್ಟೇ.

ಎಷ್ಟೇ ಬಿಗಿದರೂ ಹದಿನೈದಿಪ್ಪತ್ತು ಕಿಲೋಮೀಟರ್ ಓಡುವಷ್ಟರಲ್ಲಿ ಚೀಲಗಳು ಕುಲುಕಿ ತಗ್ಗುತ್ತವೆ, ಹಗ್ಗ ಸಡಿಲಾಗುತ್ತದೆ. ರಾಂಪುರದಿಂದ ಚಳ್ಳಕೆರೆಯತ್ತ ಹೊರಟವರು ಹಾನಗಲ್ಲಿನಲ್ಲೋ ಬಿ.ಜಿ. ಕೆರೆಯಲ್ಲೋ ಹೇಗೂ ಚಹಾಕ್ಕೆ ನಿಲ್ಲುತ್ತಾರೆ. ಕೆಳಗಿಳಿದವರು ಒಂದು ಸುತ್ತು ಬಂದು ಹಗ್ಗ ಜಗ್ಗಿ ನೋಡಿ, ಇನ್ನೊಂದು ಗೇಣು ಎಳೆದು ಕಟ್ಟಿದರೆ ಆಯಿತು.

ಅಷ್ಟಾಗಿಯೂ ಬಿದ್ದರೆ? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುತ್ತಿರುವವನು, ಮುಂದೆ ಏನೋ ಬಿತ್ತೆಂದು ಕಂಡು ಬ್ರೇಕಿಗೆ ಕಾಲಿಡುವ ಒಂದೂವರೆ ಸೆಕೆಂಡಿನಲ್ಲೇ 25 ಮೀಟರ್ ಬಂದಿರುತ್ತಾನೆ. ಆದ್ದರಿಂದ ಬಿದ್ದ ಚೀಲವನ್ನು ಎತ್ತಿಕೊಳ್ಳಲು ಹೆದ್ದಾರಿಯ ನಡುವೆ ಓಡುವುದು ಮೊದಲ ಕೆಲಸವಲ್ಲ. ಗಾಡಿಯನ್ನು ಎಡಕ್ಕೆ ಪೂರ್ತಿ ಇಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಸಾಕಷ್ಟು ಹಿಂದಕ್ಕೆ ರಸ್ತೆಯ ಅಂಚಿನಲ್ಲೇ ನಡೆದು ಬರುವವರಿಗೆ ಟಾರ್ಚ್ ತೋರಿಸಬೇಕು. ಎಚ್ಚರಿಕೆಗೆಂದು ರಸ್ತೆ ಮೇಲೆ ಕಲ್ಲು, ಜಾಲಿಕೊಂಬೆ ಇಡುವ ಪದ್ಧತಿ ನಮ್ಮಲ್ಲಿದೆ. ಗಾಡಿ ಹೋದ ಮೇಲೂ ಆ ಕಲ್ಲು ಅಲ್ಲೇ ಉಳಿದು ರಾತ್ರಿಯ ಬೈಕಿಗೆ ಕಾಯುತ್ತದೆ. ಇಟ್ಟವರೇ ತೆಗೆದು ಹೋಗಬೇಕು. ಟೊಮೆಟೊ ಚೆಲ್ಲಿದರೆ ಪಾತ್ರೆ, ಚೀಲ ಹಿಡಿದು ಜನ ರಸ್ತೆಗೆ ನುಗ್ಗುತ್ತಾರೆ, ಅವರನ್ನು ತಡೆಯುವುದು ಚಾಲಕ ಒಬ್ಬನಿಂದ ಆಗದ ಮಾತು. ಪೊಲೀಸರಿಗೆ 112, ಹೆದ್ದಾರಿಯವರಿಗೆ 1033. ಎರಡೂ ಪುಕ್ಕಟೆ ಕರೆ. ಹೆಸರು ಹೇಳಿದರೆ ದಂಡ ಹಾಕುತ್ತಾರೆಂದು ಅಂಜಿ ಹೊರಟುಹೋಗುವವರೇ ಹೆಚ್ಚು. ಓಬಳಾಪುರದ ಆಸುಪಾಸಿನಲ್ಲಿ ಬಿದ್ದದ್ದಾದರೆ ಅದು ಯಾವ ರಾಜ್ಯದ ರಸ್ತೆ ಎಂಬ ಗೊಂದಲ ಬೇರೆ. ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಓದಿ ಹೇಳಿದರೆ ಆ ಗೊಂದಲವನ್ನು ಅವರೇ ಬಗೆಹರಿಸಿಕೊಳ್ಳುತ್ತಾರೆ.